ಬೇಸಿಗೆಯ ತರಕಾರಿ, ಮನೆಯ ಪಿಜ್ಜಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೆ ಏಪ್ರಿಲ್ ರಜೆ ಬಿದ್ದರೆ ಸಾಕು, ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಿಂದ ಪಿಜ್ಜಾದ ಬಗ್ಗೆ ಕೇಳುವವರು ಹೆಚ್ಚುತ್ತಾರೆ. ಪತ್ರದಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಮಾತು ಆದಷ್ಟೂ ಕೇಳಿದವರದೇ. ಪಿಜ್ಜಾ ಕಲಿಸುವ ಬಹುತೇಕ ಪುಸ್ತಕಗಳು ತಂಪು ನಾಡಿನ ಅಡುಗೆಮನೆಗೆಂದು ಬರೆದವು. ನಮ್ಮಲ್ಲಿ ಪಿಜ್ಜಾ ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ: ಹಿಟ್ಟಿಗೆ ಸೆಕೆ ಹೆಚ್ಚಾಗುತ್ತದೆ, ತರಕಾರಿ ನೀರು ಬಿಡುತ್ತದೆ. ಇವೆರಡು ಕೈವಶವಾದರೆ ಉಳಿದದ್ದು ಸುಲಭ.

## ಮೊದಲ ಸಲ ಮಾಡುವವರಿಗೆ

ನಮ್ಮ ಮನೆಯಲ್ಲಿ ಓವನ್ ಇಲ್ಲ ಅಕ್ಕಾ, ರೊಟ್ಟಿ ಹಂಚಿನ ಮೇಲೆ ಪಿಜ್ಜಾ ಆಗುತ್ತದೆಯೇ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಜೋಳದ ರೊಟ್ಟಿ ಬೇಯಿಸುವ ದಪ್ಪ ಕಬ್ಬಿಣದ ಹಂಚು ಇದಕ್ಕೆ ಹೇಳಿ ಮಾಡಿಸಿದ ಸಾಧನ. ಹಂಚನ್ನು ಮಧ್ಯಮ ಉರಿಯಲ್ಲಿ ಕಾಯಿಸಿ, ಎಂಟು ಅಂಗುಲ ಅಗಲಕ್ಕೆ ತಟ್ಟಿದ ಹಿಟ್ಟನ್ನು ಹಾಕಿ ಮುಚ್ಚಳ ಮುಚ್ಚಿ. ಎರಡು ಮೂರು ನಿಮಿಷದಲ್ಲಿ ಮೇಲೆ ಗುಳ್ಳೆ ಏಳುತ್ತವೆ, ಕೆಳಗೆ ಕಂದು ಚುಕ್ಕೆ ಬೀಳುತ್ತದೆ. ಆಗ ಹೊರಗೆ ತೆಗೆದು, ಬೆಂದ ಬದಿಯನ್ನು ಮೇಲೆ ಮಾಡಿ ಅದರ ಮೇಲೆ ಸಾಸ್, ಚೀಸ್, ತರಕಾರಿ ಹರಡಿ. ಮತ್ತೆ ಹಂಚಿಗಿಟ್ಟು, ಉರಿ ತಗ್ಗಿಸಿ, ಮುಚ್ಚಿ ಐದಾರು ನಿಮಿಷ ಬಿಡಿ.

ಒಂದು ಸಣ್ಣ ಎಚ್ಚರ. ಮುಚ್ಚಳದ ಒಳಗೆ ಆವಿ ಹನಿಗಟ್ಟಿರುತ್ತದೆ. ನೇರವಾಗಿ ಎತ್ತಿದರೆ ಆ ಹನಿಗಳೆಲ್ಲ ಪಿಜ್ಜಾದ ಮೇಲೆ ಸುರಿಯುತ್ತವೆ. ಮುಚ್ಚಳವನ್ನು ಮೇಲೆತ್ತದೆ ಪಕ್ಕಕ್ಕೆ ಜಾರಿಸಿ, ಹಂಚಿನ ಹೊರಗೆ ಬಂದ ಮೇಲೆ ಓರೆ ಮಾಡಿ, ಒರೆಸಿ ಮತ್ತೆ ಮುಚ್ಚಿ. ಹಂಚಿನ ಪಿಜ್ಜಾ ಮೆತ್ತಗಾಯಿತು ಎನ್ನುವವರಲ್ಲಿ ಅರ್ಧದಷ್ಟು ಜನರ ತೊಂದರೆ ಇಷ್ಟರಿಂದಲೇ ಕಳೆಯುತ್ತದೆ. ನಾನ್‌ಸ್ಟಿಕ್ ತವೆಯಿದ್ದರೆ ಬರಿದಾಗಿ ಬಹಳ ಹೊತ್ತು ಕಾಯಿಸಬೇಡಿ. ಅದರ ಲೇಪ ಅತಿ ಶಾಖಕ್ಕೆ ಆಗಿಬರುವುದಿಲ್ಲ.

ಕಣ್ಣಂದಾಜು ಬೇಡ, ಸರಿಯಾದ ಅಳತೆ ಹೇಳಿ.

ಎಂಟು ಅಂಗುಲದ ಮೂರು ಪಿಜ್ಜಾಕ್ಕೆ: ಮೈದಾ 300 ಗ್ರಾಂ, ಫ್ರಿಜ್‌ನಲ್ಲಿಟ್ಟ ನೀರು 185 ಮಿಲಿ, ಉಪ್ಪು 6 ಗ್ರಾಂ (ಸಪಾಟಾಗಿ ಒಂದು ಟೀ ಚಮಚ), ಸಕ್ಕರೆ ಒಂದು ಟೀ ಚಮಚ, ಎಣ್ಣೆ ಒಂದು ದೊಡ್ಡ ಚಮಚ, ಒಣ ಯೀಸ್ಟ್ ಬೇಸಿಗೆಯಲ್ಲಿ ಕಾಲು ಟೀ ಚಮಚ. ಮಳೆಗಾಲ, ಚಳಿಗಾಲದಲ್ಲಿ ಯೀಸ್ಟ್ ಅರ್ಧ ಚಮಚಕ್ಕೆ ಏರಿಸಿ. ಎಲ್ಲವನ್ನೂ ಕಲೆಸಿ, ಇಪ್ಪತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಏಳೆಂಟು ನಿಮಿಷ ನಾದಿ. ಮೊದಲೇ ಬಿಟ್ಟರೆ ಹಿಟ್ಟು ನೀರು ಹೀರಿಕೊಂಡು ತಾನಾಗಿ ಜಿಗುಟು ಕಟ್ಟುತ್ತದೆ, ನಾದುವ ಶ್ರಮ ಅರ್ಧ ಕಡಿಮೆ. ಚಪಾತಿ ಹಿಟ್ಟಿಗಿಂತ ಇದು ಮೆತ್ತಗಿರಬೇಕು. ಕೈಗೆ ಅಂಟುತ್ತದೆಂದು ಹಿಟ್ಟು ಸುರಿಯುತ್ತಾ ಹೋದರೆ ಪಿಜ್ಜಾ ಗಟ್ಟಿಯಾಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು ನಾದಿ. ನಾದಿದ ಹಿಟ್ಟನ್ನು ಎರಡು ಪಟ್ಟು ಉಬ್ಬುವವರೆಗೂ ಮುಚ್ಚಿಟ್ಟು, ಮೂರು ಉಂಡೆ ಮಾಡಿ ತಟ್ಟಿ.

ಯೀಸ್ಟ್ ಹಾಕಿದರೂ ಹಿಟ್ಟು ಉಬ್ಬಲೇ ಇಲ್ಲ. ಏನಾಗಿರಬಹುದು?

ಯೀಸ್ಟ್ ಸತ್ತಿರುತ್ತದೆ. ಪೊಟ್ಟಣ ಒಡೆದು ಅಡುಗೆಮನೆಯ ಕಪಾಟಿನಲ್ಲಿಟ್ಟರೆ ನಮ್ಮ ಮೇ ತಿಂಗಳ ಬಿಸಿಗೆ ಅದು ಹೆಚ್ಚು ದಿನ ಬಾಳುವುದಿಲ್ಲ. ಒಡೆದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ಅನುಮಾನವಿದ್ದರೆ ಕಾಲು ಚಮಚ ಯೀಸ್ಟನ್ನು ಸಕ್ಕರೆ ಬೆರೆಸಿದ ಉಗುರುಬೆಚ್ಚನೆಯ ನೀರಿಗೆ ಹಾಕಿ ಹತ್ತು ನಿಮಿಷ ನೋಡಿ. ನೊರೆ ಬಂದರೆ ಜೀವವಿದೆ. ಕುದಿಯುವ ನೀರು ಹಾಕುವವರೂ ಇದ್ದಾರೆ. ಯೀಸ್ಟ್ 55–60 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಸಾಯುತ್ತದೆ.

ಯೀಸ್ಟ್ ನಮ್ಮ ಊರಿನಲ್ಲಿ ಸಿಗುವುದಿಲ್ಲ. ಸೋಡಾ ಹಾಕಿ ಮಾಡಬಹುದೇ?

ಮಾಡಬಹುದು. ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಕಾಲು ಚಮಚ, ಕಲೆಸಲು ಬೇಕಾದಷ್ಟು ಹುಳಿ ಮೊಸರು. ಅರ್ಧ ಗಂಟೆ ಬಿಟ್ಟು ತಟ್ಟಿ. ಮೃದುವಾಗಿರುತ್ತದೆ, ಆದರೆ ಯೀಸ್ಟ್ ಹಿಟ್ಟಿನ ಎಳೆ, ಪರಿಮಳ ಬರುವುದಿಲ್ಲ. ಊರಿನಲ್ಲಿ ಬ್ರೆಡ್ ಮಾಡುವ ಬೇಕರಿಯಿದ್ದರೆ ಒಮ್ಮೆ ಅಲ್ಲಿ ಕೇಳಿ ನೋಡಿ. ಚೂರು ಯೀಸ್ಟ್ ಕೊಡಲು ಅವರು ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ.

ಮನೆಯಲ್ಲಿ ಮೈದಾ ಬೇಡ ಎನ್ನುತ್ತಾರೆ. ಗೋಧಿ ಅಥವಾ ಜೋಳದ ಹಿಟ್ಟಿನಲ್ಲಿ ಆಗುತ್ತದೆಯೇ?

ಗೋಧಿ ಹಿಟ್ಟಿನಲ್ಲಿ ಧಾರಾಳವಾಗಿ ಆಗುತ್ತದೆ. ತೌಡು ಇರುವುದರಿಂದ ಅದು ಹೆಚ್ಚು ನೀರು ಕುಡಿಯುತ್ತದೆ. 300 ಗ್ರಾಂಗೆ 205–210 ಮಿಲಿ ಹಾಕಿ, ಕಲೆಸಿದ ಮೇಲೆ ಅರ್ಧ ಗಂಟೆ ಬಿಡಿ. ಅರ್ಧ ಮೈದಾ ಅರ್ಧ ಗೋಧಿ ಹಾಕಿದರೆ ಮನೆಯವರೆಲ್ಲ ಒಪ್ಪುತ್ತಾರೆ.

ಜೋಳದ ವಿಷಯ ಬೇರೆ. ಹಿಟ್ಟಿಗೆ ಎಳೆ ಕೊಡುವ ಗ್ಲುಟೆನ್ ಜೋಳದಲ್ಲಿಲ್ಲ. ರೊಟ್ಟಿ ಒಡೆಯದೆ ನಿಲ್ಲುವುದು ಬಿಸಿನೀರಿಗೆ ಅದರ ಪಿಷ್ಟ ಬೆಂದು ಅಂಟಾಗುವುದರಿಂದ. ಆ ಅಂಟು ಗಾಳಿಯನ್ನು ಹಿಡಿದಿಡಲಾರದು, ಹಾಗಾಗಿ ಯೀಸ್ಟ್ ಹಾಕಿ ಉಬ್ಬಿಸುವ ಆಸೆ ಬಿಡಿ. ಐದನೆಯ ಒಂದು ಪಾಲು ಜೋಳದ ಹಿಟ್ಟನ್ನು ಗೋಧಿಗೆ ಬೆರೆಸಬಹುದು. ನನಗೆ ಇನ್ನೂ ಇಷ್ಟವಾದ ದಾರಿ ಬೇರೆ: ಸ್ವಲ್ಪ ದಪ್ಪಗೆ ಬಡಿದ ರೊಟ್ಟಿಯ ಮೇಲೆಯೇ ಸಾಸ್, ಹುರಿದ ಬದನೆ, ಚೀಸ್ ಹಾಕಿ ಹಂಚಿನ ಮೇಲೆ ಮುಚ್ಚಿಡುವುದು. ಗೋಧಿ ಒಗ್ಗದವರಿಗೂ ಇದು ನಡೆಯುತ್ತದೆ. ಖಡಕ್ ರೊಟ್ಟಿಯ ಮೇಲೂ ಮಾಡಬಹುದು, ಆದರೆ ಮಾಡಿದ ತಕ್ಷಣ ತಿನ್ನಬೇಕು.

ಇಟಲಿಯ ತಿಂಡಿಗೆ ನಮ್ಮ ಬದನೆ, ಮೆಣಸಿನಕಾಯಿ ಹಾಕಿದರೆ ಅದನ್ನು ಪಿಜ್ಜಾ ಎನ್ನಬಹುದೇ?

ಯಾವ ಅನುಮಾನವೂ ಬೇಡ. ಇಟಲಿಯ ನೇಪಲ್ಸ್ ಊರಿನಲ್ಲಿ ಪಿಜ್ಜಾ ಬಡವರ ಅಗ್ಗದ ರೊಟ್ಟಿಯಾಗಿತ್ತು. ಕೈಗೆ ಸಿಕ್ಕದ್ದನ್ನು ಮೇಲೆ ಹಾಕಿ ಬೀದಿಯಲ್ಲಿ ಮಾರುತ್ತಿದ್ದರು. ಅಲ್ಲಿನ ಪಿಜ್ಜಾ ತಯಾರಕರ ಕಲೆಯನ್ನು ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಟೊಮೆಟೊ, ಮೆಣಸಿನಕಾಯಿ, ದೊಣ್ಣೆ ಮೆಣಸಿನಕಾಯಿ ಮೂರೂ ಅಮೆರಿಕ ಖಂಡದಿಂದ ಬಂದವು. ಅವು ನೇಪಲ್ಸ್‌ಗೂ ಹೊಸವು, ನಮಗೂ ಹೊಸವು. ಬದನೆಯಂತೂ ನಮ್ಮ ಕಡೆಯಿಂದ ಅಲ್ಲಿಗೆ ಹೋದದ್ದು. ಡಬ್ಬಿಯ ಆಲಿವ್, ಶೀಸೆಯಲ್ಲಿ ಬರುವ ಬೇಬಿ ಕಾರ್ನ್ ಹುಡುಕಿಕೊಂಡು ಹೋಗುವುದಕ್ಕಿಂತ ಅಂದು ಬೆಳಿಗ್ಗೆ ಸಂತೆಗೆ ಬಂದ ತರಕಾರಿ ಹಾಕುವುದೇ ಆ ಊರಿನ ಪದ್ಧತಿಗೆ ಹತ್ತಿರ.

## ತರಕಾರಿ ಮತ್ತು ಸಾಸ್

ಬೇಸಿಗೆಯಲ್ಲಿ ಯಾವ ತರಕಾರಿ ಹಾಕಿದರೆ ಚೆಂದ?

ನನ್ನ ಮೊದಲ ಆಯ್ಕೆ ಮಿರ್ಚಿ ಬಜ್ಜಿಗೆ ತರುವ ಉದ್ದನೆಯ ತಿಳಿಹಸಿರು ಮೆಣಸಿನಕಾಯಿ. ಮಂಡಕ್ಕಿ ಮಿರ್ಚಿ ತಿನ್ನುವ ಈ ಸೀಮೆಯಲ್ಲಿ ಅದು ಸಿಗದ ಅಂಗಡಿಯಿಲ್ಲ. ಸೀಳಿ ಬೀಜ ತೆಗೆದು, ಉರಿಯ ಮೇಲೆ ನೇರವಾಗಿ ಸುಟ್ಟು, ಕಪ್ಪಾದ ಸಿಪ್ಪೆ ಸುಲಿದು ಪಟ್ಟಿಯಾಗಿ ಹರಿದು ಹಾಕಿ. ಖಾರ ಹಿತವಾಗಿರುತ್ತದೆ, ಹೊಗೆಯ ಪರಿಮಳ ಕೂಡಿರುತ್ತದೆ. ದೊಣ್ಣೆ ಮೆಣಸಿನಕಾಯಿಗೆ ಈ ಗುಣವಿಲ್ಲ.

ಎರಡನೆಯದು ಎಣ್ಣೆಗಾಯಿಗೆ ತರುವ ಎಳೆ ಬದನೆ. ಮೂರನೆಯದು ಈರುಳ್ಳಿ, ತಮಿಳುನಾಡಿನ ಮಾರುಕಟ್ಟೆಯವರೆಗೂ ಬಳ್ಳಾರಿಯ ಹೆಸರನ್ನು ಹೊತ್ತೊಯ್ದ ದೊಡ್ಡ ಈರುಳ್ಳಿ. ತೆಳ್ಳಗೆ ಹೆಚ್ಚಿ, ಚೂರು ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಾಡಿಸಿದರೆ ಬೆಲ್ಲದ ಬಣ್ಣಕ್ಕೆ ತಿರುಗಿ ಸಿಹಿಯಾಗುತ್ತದೆ. ಎಳೆ ಹೀರೇಕಾಯಿ ವಿದೇಶಿ ಪುಸ್ತಕಗಳ ಜುಕಿನಿಯ ಸ್ಥಾನವನ್ನು ತುಂಬುತ್ತದೆ. ಬೆಂಡೆಕಾಯಿ ಹಾಕುವಿರಾದರೆ ಒಣ ಹಂಚಿನಲ್ಲಿ ಲೋಳೆ ಹೋಗುವವರೆಗೂ ಹುರಿಯಿರಿ. ನುಗ್ಗೆ ಸೊಪ್ಪು, ಎಳೆ ಮೆಂತ್ಯ ಸೊಪ್ಪನ್ನು ಬೆಂದ ಮೇಲೆ ಉದುರಿಸಿ. ಗೋರಿಕಾಯಿ ನಾರಿನದು, ಪಿಜ್ಜಾಕ್ಕೆ ಹೊಂದುವುದಿಲ್ಲ. ಅದು ಪಲ್ಯಕ್ಕೇ ಇರಲಿ. ಸೌತೆಕಾಯಿಯನ್ನು ಬೇಯಿಸದೆ ಪಕ್ಕದಲ್ಲಿ ಕೊಡಿ.

ತರಕಾರಿ ನೀರು ಬಿಟ್ಟು ಪಿಜ್ಜಾ ಅಂಬಲಿಯ ಹಾಗೆ ಆಗುತ್ತದೆ. ಏನು ಮಾಡಲಿ?

ಇದೇ ಎಲ್ಲಕ್ಕಿಂತ ಹೆಚ್ಚು ಬಂದ ಪ್ರಶ್ನೆ. ಟೊಮೆಟೊ, ಹೀರೇಕಾಯಿಯಲ್ಲಿ ನೂರಕ್ಕೆ 94–95 ಪಾಲು ನೀರೇ ಇರುತ್ತದೆ. ಬದನೆ, ದೊಣ್ಣೆ ಮೆಣಸಿನಕಾಯಿಯಲ್ಲಿ 92ರ ಸುತ್ತಮುತ್ತ. ನೇಪಲ್ಸ್‌ನ ಕಟ್ಟಿಗೆ ಒಲೆ 430 ಡಿಗ್ರಿಗೂ ಮೇಲೆ ಕಾದಿರುತ್ತದೆ, ಪಿಜ್ಜಾ ಒಂದೂವರೆ ನಿಮಿಷದೊಳಗೆ ಬೇಯುತ್ತದೆ. ಮನೆಯ ಓವನ್ 250ಕ್ಕೆ ನಿಲ್ಲುತ್ತದೆ, ಪಿಜ್ಜಾ ಹತ್ತು ನಿಮಿಷ ಒಳಗಿರುತ್ತದೆ. ಅಷ್ಟು ಹೊತ್ತಿನಲ್ಲಿ ಹಸಿ ತರಕಾರಿ ತನ್ನ ನೀರನ್ನೆಲ್ಲ ಹಿಟ್ಟಿನ ಮೇಲೆ ಬಿಡುತ್ತದೆ. ಆದ್ದರಿಂದ ನೀರನ್ನು ಮೊದಲೇ ಹೊರಗೆ ಹಾಕಬೇಕು.

ಬದನೆ, ಹೀರೇಕಾಯಿಯನ್ನು ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ. ಕಾಲು ಕಿಲೋಗೆ ಅರ್ಧ ಚಮಚ ಉಪ್ಪು ಸವರಿ ಸೋರುವ ಬುಟ್ಟಿಯಲ್ಲಿ ಇಪ್ಪತ್ತು ನಿಮಿಷ ಇಡಿ. ಬಿಲ್ಲೆಗಳ ಮೇಲೆ ಮೊದಲು ಬೆವರಿನಂಥ ಹನಿ ಮೂಡುತ್ತದೆ, ಆಮೇಲೆ ಬಟ್ಟಲಿನ ತಳದಲ್ಲಿ ಕಂದು ನೀರು ನಿಲ್ಲುತ್ತದೆ. ಅಂಗೈಯಲ್ಲಿ ಹಿಂಡಿ, ಒಣ ಬಟ್ಟೆಯಲ್ಲಿ ಒತ್ತಿ, ಎಣ್ಣೆ ಸವರಿದ ಬಿಸಿ ಹಂಚಿನಲ್ಲಿ ಎರಡೂ ಬದಿ ಕಂದಾಗುವವರೆಗೂ ಹುರಿಯಿರಿ. ಟೊಮೆಟೊ ಬಿಲ್ಲೆ ಹಾಕಲೇಬೇಕೆಂದರೆ ಬೀಜದ ಲೋಳೆ ತೆಗೆದು ಹಾಕಿ. ನಮ್ಮ ಬಿಸಿಲೂ ಇಲ್ಲಿ ಕೆಲಸಕ್ಕೆ ಬರುತ್ತದೆ: ಟೊಮೆಟೊ ಬಿಲ್ಲೆಗಳಿಗೆ ಉಪ್ಪು ಹಚ್ಚಿ, ತಾಟಿನಲ್ಲಿ ಹರಡಿ, ತೆಳು ಬಟ್ಟೆ ಮುಚ್ಚಿ ಮಾಳಿಗೆಯ ಮೇಲಿಟ್ಟರೆ ಸಂಜೆಯೊಳಗೆ ಅರ್ಧ ಒಣಗಿ ರುಚಿ ಗಟ್ಟಿಯಾಗಿರುತ್ತದೆ. ಅಂದೇ ಬಳಸಿ.

ಇನ್ನೊಂದು ಮಾತು. ಎಂಟು ಅಂಗುಲದ ಪಿಜ್ಜಾಕ್ಕೆ ಹುರಿದ ತರಕಾರಿ ಒಂದು ಹಿಡಿ ಸಾಕು. ಮೂರು ಬಗೆ ಹಾಕಿ, ಏಳು ಬಗೆ ಬೇಡ. ಮಧ್ಯೆ ಮಧ್ಯೆ ಸಾಸ್ ಕಾಣುತ್ತಿರಬೇಕು. ಆವಿ ಹೊರಹೋಗುವುದು ಆ ಸಂದಿಯಿಂದಲೇ.

ಟೊಮೆಟೊ ಸಾಸ್ ಎಂದರೆ ಅಂಗಡಿಯ ಕೆಚಪ್ ಹಾಕಿದರೆ ಆಗುವುದಿಲ್ಲವೇ?

ಕೆಚಪ್‌ನಲ್ಲಿ ಸಕ್ಕರೆ, ವಿನೆಗರ್ ಹೆಚ್ಚು. ತರಕಾರಿಯ ರುಚಿಯನ್ನೇ ಮುಚ್ಚಿಬಿಡುತ್ತದೆ. ಅರ್ಧ ಕಿಲೋ ಟೊಮೆಟೊದಿಂದ ಮೂರು ಪಿಜ್ಜಾಕ್ಕೆ ಸಾಸ್ ಆಗುತ್ತದೆ. ತಿರುಳು ಹೆಚ್ಚಿರುವ, ಮೊಟ್ಟೆಯಾಕಾರದ ಹೈಬ್ರಿಡ್ ಟೊಮೆಟೊ ಮುಕ್ಕಾಲು ಪಾಲು ತೆಗೆದುಕೊಳ್ಳಿ, ಹುಳಿಗೆ ಜವಾರಿ ಟೊಮೆಟೊ ಕಾಲು ಪಾಲು. ಬರೀ ಜವಾರಿಯಲ್ಲಿ ನೀರು ಜಾಸ್ತಿ, ಬರೀ ಹೈಬ್ರಿಡ್‌ನಲ್ಲಿ ಹುಳಿ ಸಾಲದು. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಹಾಕಿ, ಬಣ್ಣ ಬದಲಾಗುವ ಮೊದಲೇ ತುರಿದ ಟೊಮೆಟೊ ಸುರಿದು, ಮುಚ್ಚದೆ ಇಪ್ಪತ್ತು ಇಪ್ಪತ್ತೈದು ನಿಮಿಷ ಕುದಿಸಿ. ಚಮಚದಿಂದ ಬಾಣಲೆಯ ತಳದಲ್ಲಿ ಗೆರೆ ಎಳೆದರೆ ಗೆರೆ ಕೂಡದೆ ನಿಲ್ಲಬೇಕು. ಉಪ್ಪು ಕೊನೆಗೆ. ಬೆಳ್ಳುಳ್ಳಿ ತಿನ್ನದವರು ಇಂಗು, ಕರಿಮೆಣಸು ಹಾಕಿಕೊಳ್ಳಲಿ.

ಟೊಮೆಟೊ ತುಟ್ಟಿಯಾದಾಗ ಏನು ಮಾಡುವುದು?

ಪುಂಡಿಪಲ್ಯ, ಅಂದರೆ ಹುಳಿಯ ಪುಂಡಿ ಸೊಪ್ಪು ಇದೆಯಲ್ಲ! ಎಲೆ ಬಿಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ನೀರು ಹಾಕದೆ ರುಬ್ಬಿ. ಆ ಹುಳಿ ಟೊಮೆಟೊ ಹುಳಿಗಿಂತ ತೀಕ್ಷ್ಣ, ಆದ್ದರಿಂದ ತೆಳ್ಳಗೆ ಸವರಿ. ಮೇಲೆ ಬಾಡಿಸಿದ ಈರುಳ್ಳಿ, ಪನೀರ್, ತುಸು ಚೀಸ್. ಈ ಪಿಜ್ಜಾ ಒಮ್ಮೆ ತಿಂದವರು ಟೊಮೆಟೊ ಅಗ್ಗವಾದ ಮೇಲೂ ಇದನ್ನೇ ಕೇಳುತ್ತಾರೆ. ಖಾರ ಬೇಕಾದವರು ಕೆಂಪು ಖಾರವನ್ನು ಎಣ್ಣೆಯಲ್ಲಿ ಕಲೆಸಿ ಅಂಚಿಗೆ ಸವರಬಹುದು.

ಪಿಜ್ಜಾಕ್ಕೆ ಹಾಕುವ ಒಣ ಸೊಪ್ಪು ಆರಿಗ್ಯಾನೊ ಬದಲಿಗೆ ಮನೆಯಲ್ಲಿರುವುದು ಏನನ್ನಾದರೂ ಹಾಕಬಹುದೇ?

ಕುಂಡದಲ್ಲಿರುವ ದೊಡ್ಡಪತ್ರೆ. ಆರಿಗ್ಯಾನೊಗೆ ಪರಿಮಳ ಕೊಡುವ ಕಾರ್ವಕ್ರಾಲ್ ಎಂಬ ತೈಲಾಂಶ ದೊಡ್ಡಪತ್ರೆಯಲ್ಲೂ ಇದೆ. ಎರಡು ಎಲೆ ಸಣ್ಣಗೆ ಹೆಚ್ಚಿ ಸಾಸಿಗೆ ಹಾಕಿ, ಹೆಚ್ಚಾದರೆ ಕಷಾಯದ ವಾಸನೆ ಬರುತ್ತದೆ. ಓಮಕಾಳನ್ನು ಚಿಟಿಕೆಯಷ್ಟು ಉಜ್ಜಿ ಹಾಕಬಹುದು. ತಿನ್ನುವಾಗ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದರೆ ಬೇರೆ ಪುಡಿಯ ಪೊಟ್ಟಣ ಬೇಕಾಗಿಲ್ಲ.

ಪಿಜ್ಜಾ ಮೇಲೆ ಮಾವು ಹಾಕುತ್ತಾರಂತೆ, ನಿಜವೇ?

ಹಸಿ ಮಾವಿನಕಾಯಿಯನ್ನು ಕಡ್ಡಿಯಷ್ಟು ತೆಳ್ಳಗೆ ಹೆಚ್ಚಿ, ಬೆಂದ ಮೇಲೆ ಹಾಕಿ. ಬೇಯಿಸಿದರೆ ಅದರ ಚುರುಕು ಹೋಗುತ್ತದೆ. ಹಣ್ಣು ಹಾಕುವುದಕ್ಕೆ ನನ್ನ ಸಮ್ಮತಿಯಿಲ್ಲ. ಕೊಪ್ಪಳದ ಕೇಸರ್ ಮಾವನ್ನು ಊಟವಾದ ಮೇಲೆ ಹಾಗೆಯೇ ತಿನ್ನಬೇಕು.

## ಚೀಸ್

ಯಾವ ಚೀಸ್ ತರಬೇಕು? ಪನೀರ್ ಏಕೆ ಕರಗುವುದಿಲ್ಲ?

ಪೊಟ್ಟಣದ ಮೇಲೆ ಮೊಝರೆಲ್ಲಾ ಎಂದಿರುವುದನ್ನು ತನ್ನಿ, ಸ್ಯಾಂಡ್‌ವಿಚ್‌ಗೆ ಬಳಸುವ ಬಿಲ್ಲೆ ಚೀಸ್ ಬೇಡ. ಒಂದು ಪಿಜ್ಜಾಕ್ಕೆ 60–70 ಗ್ರಾಂ ಸಾಕು. ಪನೀರನ್ನು ಬಿಸಿ ಹಾಲಿಗೆ ಹುಳಿ ಹಿಂಡಿ ಮಾಡುತ್ತಾರೆ. ಹಾಗೆ ಒಡೆದ ಹಾಲಿನ ಪ್ರೋಟೀನ್ ಮತ್ತೆ ಬಿಸಿಗೆ ಹರಿಯುವುದಿಲ್ಲ. ಮೊಝರೆಲ್ಲಾವನ್ನು ರೆನೆಟ್ ಎಂಬ ಕಿಣ್ವದಿಂದ ಕಟ್ಟಿಸುತ್ತಾರೆ, ಅದು ಬಿಸಿಗೆ ಸಡಿಲವಾಗಿ ಎಳೆಯಾಗುತ್ತದೆ. ಎರಡು ಪಾಲು ಮೊಝರೆಲ್ಲಾಕ್ಕೆ ಒಂದು ಪಾಲು ಪುಡಿ ಮಾಡಿದ ಪನೀರ್ ಬೆರೆಸಿದರೆ ಖರ್ಚೂ ಇಳಿಯುತ್ತದೆ, ಬಾಯಿಗೂ ಚೆನ್ನ. ಬೇಸಿಗೆಯಲ್ಲಿ ಚೀಸ್ ತುರಿಯುವಾಗಲೇ ಮುದ್ದೆಯಾಗುತ್ತದೆ. ಹದಿನೈದು ನಿಮಿಷ ಫ್ರೀಜರಿನಲ್ಲಿಟ್ಟು ತುರಿಯಿರಿ.

ಚೀಸ್‌ನಲ್ಲಿ ಮಾಂಸದ ಅಂಶವಿರುತ್ತದೆ ಎನ್ನುತ್ತಾರೆ. ನಾವು ಸಸ್ಯಾಹಾರಿಗಳು.

ಹಳೆಯ ಪದ್ಧತಿಯ ರೆನೆಟ್ ಕರುವಿನ ಜಠರದಿಂದ ಬರುತ್ತಿತ್ತು, ಕೆಲವು ವಿದೇಶಿ ಚೀಸ್‌ಗಳಲ್ಲಿ ಈಗಲೂ ಹಾಗೆಯೇ. ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವ ಬಳಸಿದ ಚೀಸ್ ಸಸ್ಯಾಹಾರಿಗಳಿಗೆ ಸಲ್ಲುತ್ತದೆ. ಪೊಟ್ಟಣದ ಮೇಲೆ ಚೌಕದೊಳಗಿನ ಹಸಿರು ಚುಕ್ಕೆ ನೋಡಿ ಕೊಳ್ಳಿ. ಚೀಸೇ ಬೇಡ ಎನ್ನುವವರಿಗೂ ದಾರಿಯಿದೆ: ನೇಪಲ್ಸ್‌ನ ಹಳೆಯ ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಆರಿಗ್ಯಾನೊ, ಎಣ್ಣೆ ಇಷ್ಟೇ.

## ಕೈ ಕುದುರಿದವರಿಗೆ

ರಾಯಚೂರಿನ ಬಿಸಿಲಿಗೆ ಹಿಟ್ಟು ಒಂದೇ ಗಂಟೆಯಲ್ಲಿ ಉಕ್ಕಿ ಹುಳಿ ವಾಸನೆ ಬರುತ್ತದೆ. ಹೇಗೆ ತಡೆಯುವುದು?

ಕಲೆಸಿದ ಹಿಟ್ಟಿನ ಬಿಸಿ 26 ಡಿಗ್ರಿಯ ಹತ್ತಿರ ಇರಬೇಕು. ಬೇಕರಿಯವರ ಲೆಕ್ಕವೊಂದಿದೆ: 26ನ್ನು ಮೂರರಿಂದ ಗುಣಿಸಿ, ಬಂದ 78ರಿಂದ ಕೋಣೆಯ ಬಿಸಿ ಮತ್ತು ಒಣ ಹಿಟ್ಟಿನ ಬಿಸಿ ಕಳೆಯಿರಿ. ಉಳಿದದ್ದು ನೀರಿನ ಬಿಸಿ. ಮೇ ತಿಂಗಳ ಮಧ್ಯಾಹ್ನ ಅಡುಗೆಮನೆ 38, ಡಬ್ಬಿಯ ಹಿಟ್ಟು 36 ಇದ್ದರೆ ಉಳಿಯುವುದು 4 ಡಿಗ್ರಿ. ಅದು ಫ್ರಿಜ್‌ನ ನೀರು, ಮಡಕೆಯ ನೀರೂ ಸಾಲದು. ಪುಸ್ತಕ ನೋಡಿ ಉಗುರುಬೆಚ್ಚನೆಯ ನೀರು ಹಾಕಿದರೆ ಹಿಟ್ಟು ಓಡದೆ ಇನ್ನೇನು ಮಾಡೀತು?

ಮೈದಾ ಡಬ್ಬಿಯನ್ನೂ ಹಿಂದಿನ ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಆರಕ್ಕೆ, ಬಿಸಿಲೇರುವ ಮೊದಲು ಕಲೆಸಿ. ಗಂಟೆ ನೋಡಬೇಡಿ, ಹಿಟ್ಟು ನೋಡಿ: ಎರಡು ಪಟ್ಟಾದರೆ ಮುಗಿಯಿತು.

ಹಿಂದಿನ ದಿನವೇ ಹಿಟ್ಟು ಕಲೆಸಿ ಫ್ರಿಜ್‌ನಲ್ಲಿಡಬಹುದೇ?

ಇಡಬಹುದು ಎನ್ನುವುದಕ್ಕಿಂತ, ಬೇಸಿಗೆಯಲ್ಲಿ ಹಾಗೆಯೇ ಮಾಡಬೇಕು. ಮೇಲಿನ ಅಳತೆಯಲ್ಲೇ ಕಲೆಸಿ, ಮೂರು ಉಂಡೆ ಮಾಡಿ, ಎಣ್ಣೆ ಸವರಿದ ಡಬ್ಬಿಯಲ್ಲಿ 24ರಿಂದ 48 ಗಂಟೆ ಇಡಿ. ತಂಪಿನಲ್ಲಿ ಯೀಸ್ಟ್ ನಿಧಾನವಾಗುತ್ತದೆ, ಹಿಟ್ಟಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಲೇ ಇರುತ್ತವೆ. ರುಚಿಯೂ ಬಣ್ಣವೂ ಅದರಿಂದಲೇ. ಬಾಗಿಲ ಬಳಿ ಇಡಬೇಡಿ, ನೀರಿನ ಬಾಟಲಿಗೆಂದು ಮಕ್ಕಳು ದಿನವಿಡೀ ತೆಗೆಯುತ್ತಿರುತ್ತಾರೆ. ಒಳಗಿನ ಮೂಲೆಗೆ ತಳ್ಳಿ. ಕರೆಂಟ್ ಹೋಗಿ ಹಿಟ್ಟು ಮುಚ್ಚಳಕ್ಕೆ ತಾಗಿದ್ದರೆ ಗಾಳಿ ತೆಗೆದು ಮತ್ತೆ ಉಂಡೆ ಮಾಡಿ. ತಟ್ಟುವ ಮೊದಲು ಅರ್ಧ ಗಂಟೆ ಹೊರಗಿಟ್ಟರೆ ನಮ್ಮ ಸೆಕೆಗೆ ಸಾಕು. ಲಟ್ಟಣಿಗೆ ಮುಟ್ಟಬೇಡಿ, ರೊಟ್ಟಿ ಬಡಿಯುವ ಕೈಗೆ ಬೆರಳಿನಿಂದ ಒತ್ತಿ ಅಗಲ ಮಾಡುವುದು ಕಷ್ಟವಲ್ಲ.

ಓಟಿಜಿ ಎಂಬ ಕರೆಂಟಿನ ಪುಟ್ಟ ಓವನ್‌ನಲ್ಲಿ ಮೇಲೆ ಬೇಯುತ್ತದೆ, ಕೆಳಗೆ ಹಸಿಯಾಗಿರುತ್ತದೆ. ಕಡಪಾ ಕಲ್ಲು ಇಡಬಹುದೇ?

ಕಡಪಾ ಕಲ್ಲು ಬೇಡ. ಅದು ಸುಣ್ಣದ ಕಲ್ಲಿನ ಜಾತಿ; ಒಳಗೆ ತೇವವಿದ್ದರೆ ಬಿಸಿಗೆ ಚಕ್ಕೆ ಸಿಡಿಯಬಹುದು. ದಪ್ಪ ಕಬ್ಬಿಣದ ಹಂಚನ್ನು ಬೋರಲಾಗಿ ಕೆಳಗಿನ ಜಾಲರಿಯ ಮೇಲಿಡಿ. ಓವನ್‌ನ ಮೇಲಿನ, ಕೆಳಗಿನ ಎರಡೂ ಶಾಖದ ಕಡ್ಡಿ ಚಾಲೂ ಮಾಡಿ, 250ಕ್ಕೆ ತಿರುಗಿಸಿ ಇಪ್ಪತ್ತೈದು ನಿಮಿಷ ಕಾಯಿಸಿ. ದೀಪ ಆರಿದರೆ ಗಾಳಿ ಕಾದಿದೆ ಎಂದಷ್ಟೇ ಅರ್ಥ, ಕಬ್ಬಿಣ ಕಾಯಲು ಇನ್ನೂ ಹೊತ್ತು ಬೇಕು. ಪಿಜ್ಜಾವನ್ನು ರವೆ ಉದುರಿಸಿದ ತಾಟಿನಿಂದ ಹಂಚಿನ ಮೇಲೆ ಜಾರಿಸಿ. ಎಂಟರಿಂದ ಹನ್ನೊಂದು ನಿಮಿಷ.

ಸಂಜೆ ಮಾಡಿದರೆ ಬಣ್ಣವೇ ಬರುವುದಿಲ್ಲ, ಬೆಳಿಗ್ಗೆ ಅದೇ ಓವನ್ ಚೆನ್ನಾಗಿ ಬೇಯಿಸುತ್ತದೆ. ಏಕೆ?

ವೋಲ್ಟೇಜ್ ನೋಡಿ. ಕಡ್ಡಿಯ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದದ್ದು 190ಕ್ಕೆ ಬಿದ್ದರೆ ಶಾಖ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಬೇಸಿಗೆಯ ಸಂಜೆ ಎಲ್ಲರ ಮನೆಯ ಕೂಲರ್, ಎಸಿ ಓಡುವ ಹೊತ್ತಿನಲ್ಲಿ ಹೀಗಾಗುವುದುಂಟು. ಅಂಥ ದಿನ ತಳವನ್ನು ಗ್ಯಾಸಿನ ಹಂಚಿನ ಮೇಲೆ ಬೇಯಿಸಿಕೊಂಡು, ಚೀಸ್ ಕರಗಿಸಲು ಮಾತ್ರ ಓವನ್‌ಗೆ ಇಡಿ. 1500 ವ್ಯಾಟ್ ಓವನ್ ಆರೂವರೆ ಆಂಪಿಯರ್ ಎಳೆಯುತ್ತದೆ, ಆದ್ದರಿಂದ 16 ಆಂಪಿಯರ್‌ನ ದೊಡ್ಡ ಸಾಕೆಟ್ಟಿಗೇ ಚುಚ್ಚಿ.

ರಜೆಗೆ ಅಕ್ಕ ತಂಗಿಯರ ಮಕ್ಕಳೆಲ್ಲ ಬರುತ್ತಾರೆ. ಹತ್ತು ಹನ್ನೆರಡು ಮಕ್ಕಳಿಗೆ ಒಮ್ಮೆಗೇ ಹೇಗೆ ಮಾಡಲಿ?

ತಳಗಳನ್ನು ಮುಂಚೆಯೇ ಅರ್ಧ ಬೇಯಿಸಿಡಿ. ತೆಳ್ಳಗೆ ಸಾಸ್ ಸವರಿ ಮೂರು ನಾಲ್ಕು ನಿಮಿಷ ಬೇಯಿಸಿ, ಜಾಲರಿಯ ಮೇಲೆ ಪೂರ್ತಿ ಆರಿಸಿ, ನಡುವೆ ಕಾಗದವಿಟ್ಟು ಡಬ್ಬಿಗೆ ಪೇರಿಸಿ. ಫ್ರಿಜ್‌ನಲ್ಲಿ ಎರಡು ದಿನ ಇರುತ್ತವೆ. ಮಕ್ಕಳು ಬಂದಾಗ ಹುರಿದ ತರಕಾರಿ, ಚೀಸ್ ಬಟ್ಟಲುಗಳನ್ನು ಮುಂದಿಡಿ. ಅವರವರ ಪಿಜ್ಜಾ ಅವರೇ ಜೋಡಿಸಲಿ. ಬದನೆ ಎಂದರೆ ಮುಖ ತಿರುಗಿಸುವ ಮಗುವೂ ತಾನೇ ಇಟ್ಟ ಬಿಲ್ಲೆಯನ್ನು ತಿನ್ನುತ್ತದೆ. ಆಮೇಲೆ ಒಂದೊಂದಕ್ಕೆ ಐದಾರು ನಿಮಿಷ ಸಾಕು. ಉಳಿದದ್ದನ್ನು ನಮ್ಮ ಸೆಕೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಮರುದಿನ ಎಣ್ಣೆಯಿಲ್ಲದ ಹಂಚಿನಲ್ಲಿ ಸಣ್ಣ ಉರಿಯ ಮೇಲೆ ಮುಚ್ಚಿ ಬಿಸಿ ಮಾಡಿದರೆ ತಳ ಮತ್ತೆ ಗರಿಯಾಗುತ್ತದೆ.